ನೇಪಾಳದ ಒಂದು ಮಕ್ಕಳ ಮನೆಯಲ್ಲಿ ಏಳು ದಿನ

ನೇಪಾಳಕ್ಕೆ ಹೋಗಿಬಂದ ನಮ್ಮ ಸೀಮೆಯ ಯಾತ್ರಿಕರು ಸಾಮಾನ್ಯವಾಗಿ ಪಶುಪತಿನಾಥನ ದರ್ಶನವನ್ನೂ, ಮುಕ್ತಿನಾಥದ ಚಳಿಯನ್ನೂ, ಹಿಮವತ್ಪರ್ವತದ ಸೂರ್ಯೋದಯವನ್ನೂ ವರ್ಣಿಸಿ ಹೇಳುವುದುಂಟು. ನಾವು ಹೇಳಹೊರಟಿರುವ ಸಂಗತಿ ಬೇರೆ. ೨೦೧೯ನೆಯ ಇಸವಿಯ ನವೆಂಬರು ತಿಂಗಳಿನಲ್ಲಿ ಕಠ್ಮಂಡು ಕಣಿವೆಯ ಒಂದು ಅನಾಥಾಲಯದಲ್ಲಿ ನಾವು ಸೇವೆಗೆಂದು ಏಳು ದಿನ ಇದ್ದು ಬಂದೆವು. ಸೇವೆ ಮಾಡಿದೆವೆಂದು ಹೇಳಿಕೊಳ್ಳುವ ಧೈರ್ಯ ಈಗ ನಮಗಿಲ್ಲ. ಆದರೂ ಅಲ್ಲಿ ಕಂಡುದನ್ನು ಬರೆದಿಟ್ಟರೆ, ನಮ್ಮಂತೆಯೇ ಒಳ್ಳೆಯ ಮನಸ್ಸಿನಿಂದ ಹೊರಡುವ ಇತರ ಗೃಹಸ್ಥರಿಗೆ ಉಪಯೋಗವಾದೀತೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ.

ನಾವು ಮೈಸೂರಿನ ಅಕ್ಕತಂಗಿಯರಿಬ್ಬರು. ಇಬ್ಬರೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪ್ರಾಥಮಿಕ ಪಾಠಶಾಲೆಗಳಲ್ಲಿ ಉಪಾಧ್ಯಾಯಿನಿಯರಾಗಿದ್ದು ನಿವೃತ್ತರಾದವರು. ಹಿರಿಯಳ ಮಗನು ಹೊರದೇಶದಲ್ಲಿ ಸಂಸಾರ ಹೂಡಿದ್ದಾನೆ, ಕಿರಿಯಳಿಗೆ ಮಕ್ಕಳಿಲ್ಲ. ನಿವೃತ್ತಿಯ ತರುವಾಯ, ಮಕ್ಕಳ ಸದ್ದಿಲ್ಲದ ಬೆಳಗುಗಳು ನಮಗೆ ಬಹಳ ಉದ್ದವಾಗಿ ತೋರುತ್ತಿದ್ದುವು. ಇಂತಿರಲು, ಯಾತ್ರೆಯನ್ನೂ ಸೇವೆಯನ್ನೂ ಜೊತೆಗೂಡಿಸಿ ಏರ್ಪಡಿಸುವ ಒಂದು ಕಂಪೆನಿಯ ಪ್ರಕಟಣೆ ನಮ್ಮ ಕಣ್ಣಿಗೆ ಬಿದ್ದಿತು. ಮೂರು ದಿನ ಕ್ಷೇತ್ರದರ್ಶನ, ಏಳು ದಿನ ಅನಾಥ ಮಕ್ಕಳ ಸೇವೆ. ಇಬ್ಬರಿಗೂ ಸೇರಿ ಎಂಬತ್ತು ಸಾವಿರ ರೂಪಾಯಿ, ವಿಮಾನದ ಖರ್ಚು ಬೇರೆ. ನಾವು ಹಣ ಕಟ್ಟಿದೆವು. ಬಣ್ಣದ ಕಡ್ಡಿಗಳು, ಬರೆಯುವ ಪುಸ್ತಕಗಳು, ಎರಡು ಡಬ್ಬಿ ಮೈಸೂರುಪಾಕು ಇವನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡೆವು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಾಗಿಲ್ಲವಾದ್ದರಿಂದ ಆ ತೊಂದರೆಯೂ ಇರಲಿಲ್ಲ. ನೀವು ಯಾರು, ಮಕ್ಕಳೊಡನೆ ನಿಮ್ಮ ನಡತೆ ಎಂಥದು, ನಿಮ್ಮನ್ನು ಬಲ್ಲವರು ಯಾರು ಎಂದು ಹೊರಟ ದಿನದಿಂದ ಮರಳಿದ ದಿನದವರೆಗೆ ನಮ್ಮನ್ನು ಒಬ್ಬರೂ ಕೇಳಲಿಲ್ಲ. ನಮ್ಮ ಪಾಠಶಾಲೆಯಲ್ಲಿ ಅಪರಿಚಿತರು ಯಾರಾದರೂ ತರಗತಿಯ ಬಾಗಿಲಿಗೆ ಬಂದಿದ್ದರೆ ನಾವೇ ಕಾಗದ ತೋರಿಸಿರೆಂದು ತಡೆದು ನಿಲ್ಲಿಸುತ್ತಿದ್ದೆವು. ಆ ಮಾತು ಆಗ ನೆನಪಿಗೆ ಬರಲಿಲ್ಲ.

ದೆಹಲಿಯಿಂದ ಕಠ್ಮಂಡುವಿಗೆ ವಿಮಾನದಲ್ಲಿ ಎರಡು ಗಂಟೆಯೊಳಗಿನ ಪ್ರಯಾಣ. ಎಡಗಡೆಯ ಕಿಟಕಿಯ ಬಳಿ ಕುಳಿತವರಿಗೆ ಹಿಮಗಿರಿಗಳ ಸಾಲು ಕಾಣುತ್ತದೆ. ಇಳಿದ ಕೂಡಲೆ ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಬೇಕು. ಗೋಡೆಯ ಪಂಚಾಂಗವನ್ನು ನಂಬಿದರೆ ಐವತ್ತೇಳು ವರ್ಷ ಮುಂದಕ್ಕೆ ಹೋಗಬೇಕು. ಅಲ್ಲಿ ವ್ಯವಹಾರವೆಲ್ಲವೂ ವಿಕ್ರಮ ಸಂವತ್ಸರದ ಲೆಕ್ಕದಲ್ಲಿ ನಡೆಯುವುದರಿಂದ, ನಾವು ಹೋದದ್ದು ಅವರ ೨೦೭೬ನೆಯ ವರ್ಷದಲ್ಲಿ. ತಿಹಾರ್ ಎಂದು ಕರೆಯುವ ಅವರ ದೀಪಾವಳಿ ಆಗತಾನೆ ಮುಗಿದಿತ್ತು. ಐದು ದಿನಗಳ ಆ ಹಬ್ಬದಲ್ಲಿ ಕಾಗೆಗೆ ಒಂದು ದಿನ, ನಾಯಿಗೆ ಒಂದು ದಿನ, ಹಸುವಿಗೆ ಒಂದು ದಿನ ಪೂಜೆ ಸಲ್ಲುತ್ತದೆ. ಕೊನೆಯ ದಿನ ಸಹೋದರಿಯರು ಸಹೋದರರ ಹಣೆಗೆ ತಿಲಕವನ್ನಿಡುತ್ತಾರೆ. ಮನೆಮನೆಯ ಬಾಗಿಲಲ್ಲಿ ಚೆಂಡುಹೂವಿನ ಮಾಲೆಗಳು ಬಾಡಿ ತೂಗುತ್ತಿದ್ದುವು. ೨೦೧೫ನೆಯ ಏಪ್ರಿಲ್ ೨೫ರಂದು ಸುಮಾರು ಒಂಬತ್ತು ಸಾವಿರ ಜನರನ್ನು ಬಲಿತೆಗೆದುಕೊಂಡ ಭೂಕಂಪದ ಗುರುತುಗಳು ನಾಲ್ಕು ವರ್ಷಗಳ ಮೇಲೂ ಮಾಸಿರಲಿಲ್ಲ. ಪಾಟಣದ ಹಳೆಯ ಬೀದಿಗಳಲ್ಲಿ ಎಷ್ಟೋ ಮನೆಗಳು ಮರದ ಊರೆಗೋಲುಗಳ ಆಧಾರದಲ್ಲಿ ನಿಂತಿದ್ದುವು. ಅರಮನೆಯ ಮುಂದೆ ಮಾತ್ರ, ೧೬೩೭ರಲ್ಲಿ ಸಿದ್ಧಿನರಸಿಂಹ ಮಲ್ಲನು ಕಟ್ಟಿಸಿದ ಕಲ್ಲಿನ ಕೃಷ್ಣಮಂದಿರವು, ರಾಮಾಯಣ ಮಹಾಭಾರತಗಳ ಶಿಲ್ಪಪಂಕ್ತಿಗಳನ್ನು ಹೊತ್ತು ನಿಂತಿತ್ತು.

ನಾವು ಇಳಿದುಕೊಂಡ ಮಕ್ಕಳ ಮನೆಯು ಪಾಟಣದಿಂದ ದಕ್ಷಿಣಕ್ಕೆ, ಗೋದಾವರಿಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಅದರ ಹೆಸರು ಇಲ್ಲಿ ಬೇಡ. ನಾಲ್ಕು ಅಂತಸ್ತಿನ ಇಟ್ಟಿಗೆಯ ಕಟ್ಟಡ. ಸುತ್ತಲೂ ಕೊಯ್ಲಾದ ಬತ್ತದ ಗದ್ದೆಗಳು. ಬೆಳಗಿನ ಮಂಜು ಕರಗಿದ ಮೇಲೆ ತಾರಸಿಯಲ್ಲಿ ನಿಂತರೆ ಉತ್ತರದಲ್ಲಿ ಹಿಮದ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಮನೆಯಲ್ಲಿ ಐದು ವರ್ಷದಿಂದ ಹದಿನಾಲ್ಕು ವರ್ಷದವರೆಗಿನ ಇಪ್ಪತ್ತಮೂರು ಮಕ್ಕಳು, ಒಬ್ಬ ಮೇಲ್ವಿಚಾರಕರು, ಅಡಿಗೆಯ ಹೆಂಗಸು ಒಬ್ಬಳು. ಹೇನಿನ ಭಯದಿಂದ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳ ತಲೆಗೂದಲನ್ನೂ ಗಿಡ್ಡವಾಗಿ ಕತ್ತರಿಸಿದ್ದರು.

ನಮ್ಮ ಬಾಡಿಗೆಯ ಕಾರು ನಿಲ್ಲುವುದೇ ತಡ, ಮಕ್ಕಳು ಓಡಿಬಂದು ನಮ್ಮನ್ನು ಸುತ್ತಿಕೊಂಡು “ಮಮ್ಮಿ, ಮಮ್ಮಿ” ಎಂದು ಕೈಹಿಡಿದರು. ಐದು ವರ್ಷದ ಒಂದು ಮಗು ಕಿರಿಯಳ ತೊಡೆಯೇರಿ ಕುಳಿತು ಕೊರಳಿಗೆ ಕೈಹಾಕಿತು. ಅರ್ಧ ಗಂಟೆಯ ಹಿಂದೆ ನಮ್ಮ ಮುಖವನ್ನೇ ಕಾಣದಿದ್ದ ಮಗು! ಆ ರಾತ್ರಿ ನಾವಿಬ್ಬರೂ ಹೊದಿಕೆಯೊಳಗೆ ಸಂತೋಷದಿಂದ ಕಣ್ಣೀರು ಹಾಕಿದೆವೆಂದು ಹೇಳಲು ನಮಗೆ ನಾಚಿಕೆಯಿಲ್ಲ. ನಾಚಿಕೆಯಾಗಬೇಕಾದ ಮಾತು ಬೇರೆ ಇದೆ. ನಮ್ಮ ಶಾಲೆಗೆ ಮೊದಲ ದಿನ ಬರುವ ಮಗು ತಾಯಿಯ ಸೆರಗಿನ ಹಿಂದೆ ಅಡಗುತ್ತದೆ, ಅಳುತ್ತದೆ, ನಮ್ಮ ಮುಖವನ್ನು ನೋಡುವುದಕ್ಕೆ ಎರಡು ದಿನ ಹಿಡಿಯುತ್ತದೆ. ಹಾಗೆ ಅಂಜುವುದೇ ಮಗುವಿನ ಆರೋಗ್ಯ; ತನ್ನವರು ಯಾರು, ಹೊರಗಿನವರು ಯಾರು ಎಂಬುದು ಅದಕ್ಕೆ ತಿಳಿದಿದೆ ಎಂಬುದರ ಗುರುತು. ಕಂಡವರನ್ನೆಲ್ಲ ತಾಯಿಯೆನ್ನುವ ಮಗುವಿಗೆ ಆ ಭೇದ ಅಳಿಸಿಹೋಗಿರುತ್ತದೆ. ಮೂವತ್ತು ವರ್ಷ ಮಕ್ಕಳ ಮಧ್ಯದಲ್ಲಿ ಬಾಳಿದ ನಮಗೆ ಇದು ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ, ಏಕೆಂದರೆ ಆ ಅಪ್ಪುಗೆ ನಮಗೂ ಬೇಕಾಗಿತ್ತು.

ಊಟದ ವಿಷಯವನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಬೆಳಗ್ಗೆ ಶಾಲೆಗೆ ಮುಂಚೆ ಒಮ್ಮೆ, ರಾತ್ರಿ ಒಮ್ಮೆ, ಅನ್ನ, ತೊವ್ವೆ, ಒಂದು ಪಲ್ಯ. ಚಳಿಗಾಲದ ವಿಶೇಷವೆಂದರೆ ಗುಂದ್ರುಕ್. ಸಾಸುವೆ ಸೊಪ್ಪು, ಮೂಲಂಗಿ ಸೊಪ್ಪುಗಳನ್ನು ಬಾಡಿಸಿ, ಜಾಡಿಯಲ್ಲಿ ಗಾಳಿಯಾಡದಂತೆ ಒತ್ತಿ ತುಂಬಿ, ದಿನಗಟ್ಟಲೆ ಹುಳಿಯಲು ಬಿಟ್ಟು, ಆಮೇಲೆ ಬಿಸಿಲಿನಲ್ಲಿ ಒಣಗಿಸಿಡುತ್ತಾರೆ. ಅದರ ಸಾರು ಹುಳಿಹುಳಿಯಾಗಿ ಬಾಯಿಗೆ ಹಿತವಾಗಿರುತ್ತದೆ. ಒಂದು ರಾತ್ರಿ ಅಡಿಗೆಯ ಹೆಂಗಸು ತನಗೆಂದು ಬೇರೆ ಪಾತ್ರೆಯಲ್ಲಿ ಏನನ್ನೋ ತಿರುವುತ್ತಿದ್ದಳು. ನೋಡಿದರೆ, ನಮ್ಮ ಮುದ್ದೆಯ ತಂಗಿಯಂತಿತ್ತು. ಕೋದೋ ಎಂಬ ಧಾನ್ಯದ ಹಿಟ್ಟಿನಿಂದ ಮಾಡಿದ ಧಿಂಡೋ ಅದು. ಕೋದೋ ಎಂದರೆ ನಮ್ಮ ರಾಗಿಯೇ. ನಮ್ಮೂರಿನಲ್ಲಿ ಇದನ್ನೇ ಉಣ್ಣುತ್ತೇವೆಂದು ಹೇಳಿ ತಟ್ಟೆಗೆ ಹಾಕಿಸಿಕೊಂಡೆವು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು; ಅದು ಗುಡ್ಡಗಾಡಿನವರ ಊಟವಂತೆ, ಬಂದ ಅತಿಥಿಗಳು ಯಾರೂ ತಿನ್ನುವುದಿಲ್ಲವಂತೆ. ನಗದೆ ಇದ್ದವಳು ಸುಮಾರು ಹತ್ತು ವರ್ಷದ ಒಬ್ಬ ಹುಡುಗಿ ಮಾತ್ರ. ಅವಳು ಸದ್ದಿಲ್ಲದೆ ತಟ್ಟೆಯನ್ನು ಮುಂದಕ್ಕೆ ಚಾಚಿ ತನಗೂ ಒಂದು ತುತ್ತು ಹಾಕಿಸಿಕೊಂಡಳು.

ಸಂಜೆ ಮಕ್ಕಳು ನಮಗಾಗಿ ಹಾಡಿದರು. ಮೊದಲು ಇಂಗ್ಲಿಷಿನಲ್ಲಿ ಎರಡು ಹಾಡು, ಆಮೇಲೆ ಫ್ರೆಂಚಿನಲ್ಲಿ ಒಂದು, ಜರ್ಮನಿನಲ್ಲಿ ಒಂದು, ಕೊರಿಯಾದ ಭಾಷೆಯಲ್ಲಿ ಒಂದು, ಸ್ಪೇನಿನ ಭಾಷೆಯಲ್ಲಿ ಒಂದು. ಎಷ್ಟು ಜಾಣ ಮಕ್ಕಳು ಎಂದು ನಾವು ಚಪ್ಪಾಳೆ ತಟ್ಟಿದೆವು. ನಾವೂ ಮರುದಿನದಿಂದ ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಎಣಿಸುವುದನ್ನು ಕಲಿಸಿದೆವು. ಮೂರನೆಯ ದಿನ, ಶಾಲೆಯ ಮನೆಪಾಠ ಹೇಳಿಕೊಡೋಣವೆಂದು ಅವರ ಪುಸ್ತಕಗಳನ್ನು ಬಿಡಿಸಿದಾಗ ನಮಗೆ ಆಶ್ಚರ್ಯ ಕಾದಿತ್ತು. ಶಾಲೆಯ ಪುಸ್ತಕಗಳಲ್ಲದೆ ಒಂದೊಂದು ಮಗುವಿನ ಬಳಿಯೂ ಏಳೆಂಟು ಬರೆಯುವ ಪುಸ್ತಕಗಳಿದ್ದುವು. ಪ್ರತಿಯೊಂದರ ಮೊದಲ ಪುಟದಲ್ಲಿಯೂ ಬೇರೆ ಬೇರೆ ದೊಡ್ಡವರ ಕೈಬರಹದಲ್ಲಿ “ನನ್ನ ಹೆಸರು ಇಂಥದು” ಎಂಬ ಒಂದೇ ಇಂಗ್ಲಿಷ್ ವಾಕ್ಯ, ಎರಡನೆಯ ಪುಟದಲ್ಲಿ ದೇಹದ ಅಂಗಗಳು, ಮೂರನೆಯದರಲ್ಲಿ ಬಣ್ಣಗಳು. ಐದಾರು ಪುಟಗಳ ಮೇಲೆ ಬಿಳಿಯ ಹಾಳೆ. ಬಂದವರೆಲ್ಲರೂ ಮೊದಲ ಪಾಠದಿಂದಲೇ ಆರಂಭಿಸಿದ್ದರು. ಎರಡನೆಯ ವಾರದ ಪಾಠದವರೆಗೆ ಯಾರೂ ಉಳಿದಿರಲಿಲ್ಲ. ನಾವು ತಂದಿದ್ದ ಬಣ್ಣದ ಕಡ್ಡಿಗಳನ್ನು ಇಡಲು ಗೋಡೆಯ ಬೀರುವನ್ನು ತೆರೆದರೆ, ಒಡೆಯದ ಬಣ್ಣದ ಡಬ್ಬಿಗಳು ಮೇಲಿನ ಹಲಗೆಯವರೆಗೆ ಪೇರಿಸಿದ್ದುವು. ಅಂದು ಸಂಜೆ ಮಕ್ಕಳು ಹಾಡು ಹೇಳುವಾಗ, ಕೊರಿಯಾದ ಹಾಡಿನ ತರುವಾಯ ಯಾರೂ ಕೇಳದೆಯೇ ನಮ್ಮ ಒಂದು, ಎರಡು, ಮೂರುಗಳನ್ನೂ ರಾಗವಾಗಿ ಹೇಳಿದರು. ನಮ್ಮ ಎದೆ ಧಸಕ್ಕೆಂದಿತು. ನಮ್ಮ ಕನ್ನಡವೂ ಆ ಸಾಲಿಗೆ ಸೇರಿಹೋಗಿತ್ತು.

ನಾಲ್ಕನೆಯ ದಿನ ಮಕ್ಕಳು ಶಾಲೆಗೆ ಹೋದ ಮೇಲೆ, ತಾರಸಿಯಲ್ಲಿ ಸೊಪ್ಪನ್ನು ಜಾಡಿಗೆ ತುಂಬುತ್ತಿದ್ದ ಅಡಿಗೆಯ ಹೆಂಗಸಿನೊಡನೆ ಕುಳಿತು ನಾವೂ ಕೈ ಹಚ್ಚಿದೆವು. ಮಕ್ಕಳು ಅವಳನ್ನು ದಿದಿ, ಎಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಅವಳೊಬ್ಬಳನ್ನೇ ಯಾರೂ ಮಮ್ಮಿ ಎನ್ನುತ್ತಿರಲಿಲ್ಲ. ಒಂಬತ್ತು ವರ್ಷಗಳಿಂದ ಅವಳು ಅಲ್ಲಿದ್ದಾಳೆ. ಯಾವ ಮಗುವಿಗೆ ರಾತ್ರಿ ಕೆಮ್ಮು, ಯಾವುದು ಹಾಸಿಗೆ ಒದ್ದೆ ಮಾಡುತ್ತದೆ, ಅತಿಥಿಗಳು ಹೊರಟುಹೋದ ರಾತ್ರಿ ಯಾವುದು ಉಣ್ಣುವುದಿಲ್ಲ ಎಂಬುದು ಅವಳಿಗೆ ಗೊತ್ತು. “ಈ ಗುಂದ್ರುಕ್ ಯಾವಾಗ ಹದಕ್ಕೆ ಬರುತ್ತದೆ?” ಎಂದು ಕೇಳಿದೆವು. ಅವಳು ತನಗೆ ತಿಳಿದಷ್ಟು ಹಿಂದಿಯಲ್ಲಿ, “ನೀವು ಹೋದ ಮೇಲೆ, ಅಮ್ಮ” ಎಂದಳು. ಅದರಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಲೆಕ್ಕ ಹೇಳಿದಳು ಅಷ್ಟೆ.

ನೇಪಾಳದಲ್ಲಿ ವಾರದ ರಜಾದಿನ ಶನಿವಾರ. ನಮ್ಮ ಐದನೆಯ ದಿನ ಶನಿವಾರವಾಗಿತ್ತು. ಮಧ್ಯಾಹ್ನ ನಾವು ಬಿಸಿಲು ಕಾಯಿಸುತ್ತ ಕುಳಿತಿದ್ದಾಗ, ಧಿಂಡೋ ಕೇಳಿ ಉಂಡಿದ್ದ ಹುಡುಗಿ ಬಳಿಗೆ ಬಂದು, ಲಂಗದ ಜೇಬಿನಿಂದ ನಾಲ್ಕು ಮಡಿಕೆಯಾದ ಕಾಗದವೊಂದನ್ನು ತೆಗೆದು, “ನಿಮಗೆ ಈ ಅಕ್ಷರ ಬರುತ್ತದೆಯೇ?” ಎಂದಳು. ಟೆಲಿವಿಷನ್ನಿನಿಂದ ಕಲಿತ ಹಿಂದಿ ಅವಳಿಗೆ ಚೆನ್ನಾಗಿ ಬರುತ್ತಿತ್ತು. ನೇಪಾಳಿಯನ್ನು ಬರೆಯುವುದು ನಾಗರೀ ಲಿಪಿಯಲ್ಲಿ. ಹಿಂದಿ ಪರೀಕ್ಷೆಗಳನ್ನು ಕಟ್ಟಿದ್ದ ನಮಗೆ ಅದನ್ನು ಓದುವುದು ಕಷ್ಟವಾಗಲಿಲ್ಲ. ಮೊದಲನೆಯ ಪದ “ಆಮಾ”. ಅಮ್ಮ ಎಂದರ್ಥ.

ಆ ಕಾಗದದಲ್ಲಿ ಬಹಳ ಮಾತುಗಳಿರಲಿಲ್ಲ. ತಾನು ಐದನೆಯ ತರಗತಿಗೆ ಬಂದಿರುವೆನೆಂದೂ, ಇಲ್ಲಿ ಹಿಮ ಬೀಳುವುದಿಲ್ಲವೆಂದೂ, ಜಡೆಯನ್ನು ತೆಗೆದುಬಿಟ್ಟಿದ್ದಾರೆಂದೂ, ನೀನು ಕಟ್ಟುತ್ತಿದ್ದ ಕೆಂಪು ಉಣ್ಣೆಯ ದಾರ ಇನ್ನೂ ಇದೆಯೇ ಎಂದೂ ಬರೆದಿದ್ದಳು. ವಿಳಾಸದ ಜಾಗದಲ್ಲಿ ಒಂದು ಹಳ್ಳಿಯ ಹೆಸರು, ಅದರ ಕೆಳಗೆ “ಹುಮ್ಲಾ”. ನಾವು ಕಾಗದವನ್ನು ಮಡಿಸಿ, ಇದನ್ನು ಯಾರಿಗೆ ಕಳುಹಿಸಬೇಕೆಂದು ಕೇಳಿದೆವು. ಅವಳು, “ನನ್ನ ಆಮಾಳಿಗೆ. ನಾಲ್ಕು ಸಾರಿ ಬರೆದು ಕೊಟ್ಟಿದ್ದೇನೆ. ತೆಗೆದುಕೊಂಡವರು ಅತ್ತರು, ಫೋಟೋ ತೆಗೆದುಕೊಂಡರು, ಹೋದರು. ಅವರಿಗೆ ನಮ್ಮ ಅಕ್ಷರ ಓದಲು ಬರುತ್ತಿರಲಿಲ್ಲ” ಎಂದಳು.

ಹುಮ್ಲಾ ಎಂಬ ಹೆಸರು ನಮಗೆ ಹೊಸದಲ್ಲ. ನೇಪಾಳದ ವಾಯವ್ಯದ ಕೊನೆಯಲ್ಲಿ, ಟಿಬೆಟ್ಟಿಗೆ ತಾಗಿದಂತೆ ಇರುವ ಜಿಲ್ಲೆ ಅದು. ಕೈಲಾಸ ಮಾನಸಸರೋವರಕ್ಕೆ ಹೋಗುವ ಯಾತ್ರಿಕರು ನೇಪಾಳಗಂಜಿನಿಂದ ಸಣ್ಣ ವಿಮಾನದಲ್ಲಿ ಹಾರಿ ಇಳಿಯುವ ಸಿಮಿಕೋಟ್ ಅದರ ಮುಖ್ಯ ಸ್ಥಳ. ೨೦೧೮ನೆಯ ಜುಲೈ ತಿಂಗಳಲ್ಲಿ ಮಳೆಯಿಂದ ವಿಮಾನಗಳು ನಿಂತು ಯಾತ್ರಿಕರು ಅಲ್ಲಿ ಸಿಕ್ಕಿಕೊಂಡಾಗ ಅವರಲ್ಲಿ ಕರ್ನಾಟಕದವರೂ ಬಹು ಮಂದಿ ಇದ್ದರು. ಅವರು ಸುರಕ್ಷಿತವಾಗಿ ಬರಲೆಂದು ನಾವೂ ದೇವರ ಮುಂದೆ ದೀಪ ಹಚ್ಚಿದ್ದೆವು. ಬಹು ಕಾಲದವರೆಗೆ ಮೋಟಾರು ರಸ್ತೆಯಿಲ್ಲದೆ, ಕಾಲುದಾರಿಯೂ ಸಣ್ಣ ವಿಮಾನವೂ ಹೊರತು ಗತಿಯಿಲ್ಲದಿದ್ದ ಆ ಬಡ ಸೀಮೆಯಿಂದ, ನೂರಾರು ಮೈಲಿ ದೂರದ ರಾಜಧಾನಿಗೆ ನಾಲ್ಕು ವರ್ಷದ ಮಗು ತಾನಾಗಿ ಬಂದೀತೆ?

ಆ ರಾತ್ರಿ ನಾವು ಮೇಲ್ವಿಚಾರಕರನ್ನು ಕೇಳಿದೆವು. ಅವರು ಮೃದುಭಾಷಿಗಳು, ಮಕ್ಕಳ ಮೇಲೆ ಕೈಯೆತ್ತಿದ್ದನ್ನು ನಾವು ಕಾಣಲಿಲ್ಲ. ಮೊದಲು ಅವರು, “ಮಕ್ಕಳು ಹಾಗೆ ಕನಸು ಕಾಣುತ್ತವೆ, ದಿದಿ” ಎಂದು, ಒಂದು ಕಡತವನ್ನು ತೆಗೆದು ತೋರಿಸಿದರು. ತಂದೆ ಮೃತ, ತಾಯಿ ಮೃತ ಎಂದು ಬರೆದು ಮೊಹರು ಒತ್ತಿದ ಹಾಳೆ ಅಲ್ಲಿತ್ತು. ನಾವು ಸುಮ್ಮನೆ ಕುಳಿತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅವರೇ ತಗ್ಗಿದ ಧ್ವನಿಯಿಂದ ಹೇಳಿದರು: “ಬಾಡಿಗೆ ಕೊಡಬೇಕು, ಶಾಲೆಯ ಶುಲ್ಕ ಕೊಡಬೇಕು, ತಿಂಗಳಿಗೆ ಮೂಟೆ ಮೂಟೆ ಅಕ್ಕಿ ಬೇಕು. ಈ ಮಕ್ಕಳಿಗೆ ಅಮ್ಮಂದಿರಿದ್ದಾರೆ, ಬಡತನ ಮಾತ್ರ ಇದೆ ಎಂದು ಹೇಳಿದರೆ ನೀವು ಬರುತ್ತಿದ್ದಿರಾ? ನೀವೆಲ್ಲ ನೋಡಲು ಬರುವುದು ಅನಾಥರನ್ನು.” ನಮಗೆ ಉತ್ತರ ತೋಚಲಿಲ್ಲ. ಎಂಬತ್ತು ಸಾವಿರ ರೂಪಾಯಿ ಕಟ್ಟುವಾಗ ಪ್ರಕಟಣೆಯಲ್ಲಿ ನಾವು ಓದಿದ ಶಬ್ದವೂ ಅದೇ ಅಲ್ಲವೆ?

ಇದು ಒಂದು ಮನೆಯ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ತರುವಾಯ ನಾವು ಓದಿ ಕೇಳಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ. ನೇಪಾಳದಲ್ಲಿ ೧೯೯೬ರಿಂದ ೨೦೦೬ರವರೆಗೆ ಒಳಜಗಳದ ಯುದ್ಧ ನಡೆಯಿತು. ಬಂಡಾಯದ ಸೇನೆಗೆ ಮಕ್ಕಳನ್ನು ಎಳೆದುಕೊಂಡು ಹೋಗುವರೆಂಬ ಭಯದಿಂದ ಹುಮ್ಲಾ ಮೊದಲಾದ ಗುಡ್ಡದ ಜಿಲ್ಲೆಗಳ ತಂದೆತಾಯಿಗಳು, ಪೇಟೆಯ ಒಳ್ಳೆಯ ಶಾಲೆಗೆ ಸೇರಿಸುವೆವೆಂದು ಬಂದ ದಲ್ಲಾಳಿಗಳಿಗೆ ಸಾಲ ಮಾಡಿ ಹಣ ಕೊಟ್ಟು ಮಕ್ಕಳನ್ನು ಒಪ್ಪಿಸಿದರು. ದಲ್ಲಾಳಿಗಳು ಸುಳ್ಳು ಕಾಗದಗಳನ್ನು ಹುಟ್ಟಿಸಿ, ಅವರನ್ನು ಅನಾಥರೆಂದು ಮಾಡಿದರು. ಯುದ್ಧ ಮುಗಿದರೂ ಈ ದಂಧೆ ಮುಗಿಯಲಿಲ್ಲ. ಓದಿನ ಆಸೆಯೊಂದೇ ಸಾಕಾಯಿತು. ಅಲ್ಲಿಯ ಮಕ್ಕಳ ಮನೆಗಳಲ್ಲಿ ಹೆಚ್ಚು ಪಾಲು ಇರುವುದು ಬಡತನ ಹೆಚ್ಚಾಗಿರುವ ಜಿಲ್ಲೆಗಳಲ್ಲಿ ಅಲ್ಲ. ಕಠ್ಮಂಡು ಕಣಿವೆ, ಪೋಖರಾ, ಚಿತ್‌ವನ್ ಮುಂತಾಗಿ ಪ್ರವಾಸಿಗಳು ಹೆಚ್ಚಾಗಿ ಬರುವ ಕಡೆಗಳಲ್ಲಿ. ಅವುಗಳಲ್ಲಿರುವ ಮಕ್ಕಳ ಪೈಕಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಬದುಕಿರುವರೆಂದು ಮಕ್ಕಳ ರಕ್ಷಣೆಯ ಸಂಸ್ಥೆಗಳು ಲೆಕ್ಕ ಹೇಳುತ್ತವೆ. ೨೦೧೫ರ ಭೂಕಂಪವಾದ ಕೂಡಲೆ ಆ ದೇಶದ ಸರ್ಕಾರವು ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಕ್ಕೆ ಸಾಗಿಸಕೂಡದೆಂದು ತಡೆಹಾಕಿದ್ದು ಇದೇ ಭಯದಿಂದ. ೨೦೧೮ರಲ್ಲಿ ಮಾಡಿದ ಮಕ್ಕಳ ಕಾಯಿದೆಯೂ ಬಂಧುಗಳ ಮನೆ, ಪೋಷಿಸಲು ಒಪ್ಪುವ ಕುಟುಂಬ ಇವುಗಳನ್ನು ಮೊದಲು ಹೇಳಿ, ಮಕ್ಕಳ ಗೃಹವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದೆ. ನಾವು ಮನೆಗೆ ಮರಳಿದ ಮರುತಿಂಗಳೇ, ೨೦೧೯ನೆಯ ಡಿಸೆಂಬರಿನಲ್ಲಿ, ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳನ್ನು ಕುರಿತ ನಿರ್ಣಯದಲ್ಲಿ ಅನಾಥಾಲಯಗಳಲ್ಲಿ ಇಂಥ ಸ್ವಯಂಸೇವೆಯ ಪ್ರವಾಸದಿಂದಾಗುವ ಕೇಡನ್ನು ಎತ್ತಿ ಹೇಳಿತು.

ಒಳ್ಳೆಯದಾಗಿ ನಡೆಯುವ ಮನೆಯಾದರೆ ಕೇಡೇನು ಎಂದು ವಾಚಕರು ಕೇಳಬಹುದು. ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿ ೧೯೫೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ವರದಿಯಲ್ಲಿ, ಎಳೆಯ ಮಗುವಿಗೆ ಅನ್ನದಷ್ಟೇ ಅವಶ್ಯವಾದುದು ಮುರಿಯದೆ ನಡೆಯುವ ಒಬ್ಬರ ಆರೈಕೆ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದನು. ಐವತ್ತು ವರ್ಷಗಳ ಮೇಲೆ, ರುಮೇನಿಯಾದ ಬುಖಾರೆಸ್ಟ್ ನಗರದಲ್ಲಿ ಅನಾಥಾಲಯದ ೧೩೬ ಎಳೆಯ ಮಕ್ಕಳನ್ನು ಕುರಿತು ಅಮೆರಿಕದ ವಿದ್ವಾಂಸರು ನಡೆಸಿದ ಪರಿಶೀಲನೆಯಲ್ಲಿ, ಬೇಗನೆ ಕುಟುಂಬವೊಂದರ ಮಡಿಲಿಗೆ ಬಿದ್ದ ಮಕ್ಕಳು ಬುದ್ಧಿಯಲ್ಲಿಯೂ ಭಾವನೆಯಲ್ಲಿಯೂ ಮೇಲಾಗಿ ಬೆಳೆದುದು ಕಂಡುಬಂದಿತು. ನಮ್ಮ ಅಜ್ಜಿಯಂದಿರು ಇದನ್ನು ಪರಿಶೀಲನೆಯಿಲ್ಲದೆಯೇ ಬಲ್ಲವರಾಗಿದ್ದರು. ವಾರಕ್ಕೊಬ್ಬಳು ತಾಯಿ ಬಂದು ಹೋದರೆ, ಮಗು ಐವತ್ತೆರಡು ತಾಯಂದಿರನ್ನು ಪಡೆಯುವುದಿಲ್ಲ. ವರ್ಷಕ್ಕೆ ಐವತ್ತೆರಡು ಸಾರಿ ತಾಯಿಯನ್ನು ಕಳೆದುಕೊಳ್ಳುತ್ತದೆ.

ಆರನೆಯ ದಿನ ಭಾನುವಾರ. ಮಕ್ಕಳು ಶಾಲೆಗೆ ಹೊರಡುವಾಗ ಆ ಹುಡುಗಿ ನಮ್ಮ ಕಡೆಗೆ ನೋಡಲಿಲ್ಲ. ನಮ್ಮ ಮನಸ್ಸಿಗೆ ಸಮಾಧಾನವಿಲ್ಲದೆ ಪಶುಪತಿನಾಥನ ಸನ್ನಿಧಿಗೆ ಹೋದೆವು. ಬಾಗಮತಿಯ ತೀರದಲ್ಲಿ ಚಿತೆಗಳು ಉರಿಯುತ್ತಿದ್ದುವು. ಅಲ್ಲಿ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವುಳ್ಳ ಭಟ್ಟರು ಪರಂಪರೆಯಾಗಿ ದಕ್ಷಿಣದೇಶದವರು, ನಮ್ಮ ಕರ್ನಾಟಕದಿಂದ ಹೋದವರು ಎಂಬುದು ಅನೇಕರಿಗೆ ತಿಳಿದಿರಬಹುದು. ಚತುರ್ಮುಖ ಲಿಂಗದ ಮುಂದೆ ನಿಂತಾಗ ಆ ದಿನ ನಮಗೆ ಬೇರೆ ಯಾವ ಪ್ರಾರ್ಥನೆಯೂ ಬರಲಿಲ್ಲ. ನಾಥನೆಂಬ ಹೆಸರಿನ ದೇವರ ಊರಿನಲ್ಲಿ, ನಾಥರಿದ್ದ ಮಕ್ಕಳನ್ನು ಅನಾಥರೆಂದು ಕರೆದವರಲ್ಲಿ ನಾವೂ ಸೇರಿದೆವಲ್ಲ ಎಂಬ ಒಂದೇ ವ್ಯಥೆ.

ಅಂಗಳದಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದಿತು. ಕಠ್ಮಂಡುವಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಕಡೆಯ ಗೃಹಸ್ಥರೊಬ್ಬರು ಸಂಸಾರಸಮೇತ ದರ್ಶನಕ್ಕೆ ಬಂದಿದ್ದರು. ಅವರ ಬಳಿ ಎಲ್ಲವನ್ನೂ ಹೇಳಿಕೊಂಡೆವು. ಅವರು, ಬೇರೆಯಾದ ಮಕ್ಕಳ ಮನೆಯವರನ್ನು ಹುಡುಕಿ ಸೇರಿಸುವ ಕೆಲಸದಲ್ಲಿ ತೊಡಗಿರುವ ಒಂದು ಸಂಸ್ಥೆಗೆ ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿಯ ಕಾರ್ಯಕರ್ತೆ ಕಾಗದವನ್ನು ಎರಡು ಸಾರಿ ಓದಿ, ಹಳ್ಳಿಯ ಹೆಸರನ್ನು ಬರೆದುಕೊಂಡು, “ಈ ವಿಷಯವನ್ನು ಮೇಲ್ವಿಚಾರಕರಿಗೆ ಹೇಳಿದ್ದೀರಾ?” ಎಂದು ಕೇಳಿದಳು. ಹೇಳಿದೆವೆಂದಾಗ ಅವಳ ಮುಖ ಬಾಡಿತು. “ಹೇಳಬಾರದಾಗಿತ್ತು. ಇನ್ನು ಆ ಮಗು ಯಾರಿಗೂ ಕಾಗದ ಕೊಡಲಾರದು” ಎಂದಳು. ಒಳ್ಳೆಯ ಉದ್ದೇಶದಿಂದ ಮಾಡಿದ ನಮ್ಮ ಎರಡನೆಯ ತಪ್ಪು ಅದು. ಮರಳಿ ಬಂದಾಗ ದಿದಿ ಹೇಳಿದಳು: ಹಿಂದಿನ ರಾತ್ರಿ ಮೇಲ್ವಿಚಾರಕರು ಆ ಹುಡುಗಿಯನ್ನು ಕೂಡಿಸಿಕೊಂಡು ಬಹಳ ಹೊತ್ತು ಮಾತನಾಡಿದರಂತೆ, ಅವಳು ಉಣ್ಣದೆ ಮಲಗಿದಳಂತೆ.

ಏಳನೆಯ ದಿನ ಬೆಳಗ್ಗೆ ನಾವು ಹೊರಟಾಗ ಮಕ್ಕಳು ಬಾಗಿಲಲ್ಲಿ ಸಾಲಾಗಿ ನಿಂತು ಕೈಬೀಸಿದರು. ಅವರು ಅಳಲಿಲ್ಲ, ಅತ್ತವರು ನಾವು. ಕಿರಿಯಳ ತೊಡೆಯೇರಿದ್ದ ಮಗು ಅವಳ ಸೆರಗನ್ನು ಹಿಡಿದು, “ನಾಳೆ ಯಾರು ಬರುತ್ತಾರೆ?” ಎಂದು ಕೇಳಿತು. ಹುಮ್ಲಾದ ಹುಡುಗಿ ಕೆಳಗೆ ಇಳಿದು ಬರಲಿಲ್ಲ. ಕಾರು ತಿರುಗುವಾಗ ತಾರಸಿಯ ಮೇಲೆ, ಸೊಪ್ಪಿನ ಜಾಡಿಗಳ ಪಕ್ಕದಲ್ಲಿ, ಅವಳ ಗಿಡ್ಡ ಕೂದಲಿನ ತಲೆ ಒಂದು ಕ್ಷಣ ಕಾಣಿಸಿತು.

ಮುಂದಿನ ವರ್ಷ ಮಾರ್ಚಿಯಲ್ಲಿ ಮಹಾಮಾರಿಯಿಂದಾಗಿ ಲೋಕವೆಲ್ಲ ಬಾಗಿಲು ಮುಚ್ಚಿತು. ಅತಿಥಿಗಳಿಲ್ಲದೆ ಆ ಮಕ್ಕಳ ಗತಿಯೇನಾಯಿತೋ ಎಂದು ನಾವು ಮೈಸೂರಿನಲ್ಲಿ ಕುಳಿತು ಹಂಬಲಿಸುತ್ತಿದ್ದೆವು. ಸಂಸ್ಥೆಯ ಕಾರ್ಯಕರ್ತೆಯಿಂದ ಸುದ್ದಿ ಬರಲು ಬಹು ಕಾಲ ಹಿಡಿಯಿತು. ಹಳ್ಳಿ ಸಿಕ್ಕಿತು, ತಾಯಿಯೂ ಸಿಕ್ಕಿದಳು. ತಂದೆ ತೀರಿಕೊಂಡಿದ್ದುದು ನಿಜ. ಕಡತದ ಸುಳ್ಳಿನಲ್ಲಿ ಅರ್ಧ ಸತ್ಯವಿತ್ತು. ಮಗಳು ದೊಡ್ಡ ಶಾಲೆಯಲ್ಲಿ ಸುಖವಾಗಿದ್ದಾಳೆ, ಕರೆದರೆ ಓದು ಕೆಡುತ್ತದೆ ಎಂದು ದಲ್ಲಾಳಿ ಹೇಳಿದ್ದ ಮಾತನ್ನು ನಂಬಿ ಆ ತಾಯಿ ವರ್ಷಗಟ್ಟಲೆ ಸುಮ್ಮನಿದ್ದಳು. ೨೦೨೧ರ ದಶೈಂ ಹಬ್ಬಕ್ಕೆ, ಎಂದರೆ ನಮ್ಮ ನವರಾತ್ರಿಯ ಕಾಲಕ್ಕೆ, ಅಧಿಕಾರಿಗಳ ಒಪ್ಪಿಗೆ ಪಡೆದು ಕಾರ್ಯಕರ್ತೆ ಹುಡುಗಿಯನ್ನು ಸಿಮಿಕೋಟಿಗೆ ಕರೆದೊಯ್ದಳು. ತಾಯಿ ನಡೆದು ಬಂದು ವಿಮಾನ ಇಳಿಯುವ ಬಯಲಿನ ಅಂಚಿನಲ್ಲಿ ಕಾದಿದ್ದಳಂತೆ. ಒಬ್ಬರಿಗೊಬ್ಬರ ಗುರುತು ಹತ್ತಲಿಲ್ಲವಂತೆ. ಹಳ್ಳಿಯ ಮಾತು ಮಗಳಿಗೆ ಮರೆತುಹೋಗಿತ್ತು. ಮೂರನೆಯವರೊಬ್ಬರು ಮಧ್ಯೆ ನಿಂತು ತಾಯಿಯ ಮಾತನ್ನು ಮಗಳಿಗೆ ತಿಳಿಸಿಹೇಳಬೇಕಾಯಿತು. ತಾಯಿ ಕೆಂಪು ಉಣ್ಣೆಯ ದಾರ ತಂದಿದ್ದಳು. ಕಟ್ಟಲು ಜಡೆಯಿರಲಿಲ್ಲ, ಕೈಗೆ ಕಟ್ಟಿದಳು.

ಹುಡುಗಿ ಹಬ್ಬ ಮುಗಿಸಿ ಓದಿಗಾಗಿ ಮರಳಿದಳು. ಆ ತರುವಾಯ ಪ್ರತಿ ವರ್ಷವೂ ರಜೆಯಲ್ಲಿ ಊರಿಗೆ ಹೋಗಿಬರುತ್ತಾಳೆಂದು ತಿಳಿಯಿತು. ಮುಂದೆ ಎಲ್ಲಿ ನೆಲಸಬೇಕೆಂಬುದನ್ನು ಅವಳೂ ಅವಳ ತಾಯಿಯೂ ತೀರ್ಮಾನಿಸಬೇಕು. ಕಳೆದುಹೋದ ಏಳು ವರ್ಷಗಳನ್ನು ಯಾವ ಸಂಸ್ಥೆಯೂ ಹುಡುಕಿ ತರಲಾರದು.

ಇಷ್ಟನ್ನು ಬರೆದುದು ದಾನಧರ್ಮಗಳ ಮೇಲೆ ಯಾರಿಗೂ ಬೇಸರ ಹುಟ್ಟಿಸುವುದಕ್ಕಲ್ಲ. ನಿಜವಾಗಿ ನಿರಾಶ್ರಿತರಾದ ಮಕ್ಕಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರನ್ನು ವರ್ಷಾನುಗಟ್ಟಲೆ ಸಾಕುತ್ತಿರುವ ಪುಣ್ಯವಂತರೂ ಇದ್ದಾರೆ. ನಮ್ಮ ದೇಶದ ೨೦೧೫ರ ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯವೆಂದೇ ಹೇಳುತ್ತದೆ. ಆದುದರಿಂದ ನಮ್ಮ ಮಾತು ಇಷ್ಟೇ. ಮಕ್ಕಳ ಮನೆಗೆ ಸಹಾಯ ಮಾಡಬೇಕೆನಿಸಿದರೆ, ಮೊದಲು ಈ ಮಕ್ಕಳ ಬಂಧುಗಳು ಎಲ್ಲಿ, ಅವರನ್ನು ಹುಡುಕಲು ಏನು ಮಾಡಿದ್ದೀರಿ, ಹಬ್ಬಕ್ಕೆ ಅವರು ಊರಿಗೆ ಹೋಗುತ್ತಾರೆಯೇ ಎಂದು ಕೇಳಿರಿ. ಬಂದವರನ್ನೆಲ್ಲ ವಿಚಾರಿಸದೆ ಒಳಕ್ಕೆ ಬಿಟ್ಟುಕೊಳ್ಳುವ ಮನೆಯ ಬಾಗಿಲಲ್ಲಿಯೇ ನಿಂತು ಯೋಚಿಸಿರಿ. ನಮ್ಮ ನೆರೆಯಲ್ಲಿ ಬಡತನದಿಂದ ಮಗುವನ್ನು ಎಲ್ಲಿಯಾದರೂ ಬಿಡಬೇಕೆಂದು ಯೋಚಿಸುತ್ತಿರುವ ತಾಯಿಯೊಬ್ಬಳಿದ್ದರೆ, ಅವಳ ಮಗುವಿನ ಪುಸ್ತಕ ಶುಲ್ಕಗಳ ಭಾರವನ್ನು ಹೊತ್ತು ಮಗು ಅವಳ ಬಳಿಯೇ ಉಳಿಯುವಂತೆ ಮಾಡಿರಿ. ಅದಕ್ಕೆ ವಿಮಾನವನ್ನು ಹತ್ತಬೇಕಾಗಿಲ್ಲ.

ನಾವಿಬ್ಬರೂ ಈಗ ಅದನ್ನೇ ಮಾಡುತ್ತಿದ್ದೇವೆ. ನಮ್ಮ ಬೀದಿಯ ಕೊನೆಯಲ್ಲಿ ಹೂ ಕಟ್ಟಿ ಮಾರುವ ಹೆಂಗಸಿನ ಎರಡು ಮಕ್ಕಳು ಶಾಲೆ ಬಿಟ್ಟ ಮೇಲೆ ನಮ್ಮ ಜಗುಲಿಗೆ ಪಾಠಕ್ಕೆ ಬರುತ್ತವೆ. ಅವು ನಮ್ಮನ್ನು ಟೀಚರಮ್ಮ ಎನ್ನುತ್ತವೆ. ಅಮ್ಮ ಎಂದು ಕರೆಯುವುದಿಲ್ಲ. ಕತ್ತಲಾದ ಕೂಡಲೆ ಪುಸ್ತಕ ಮಡಿಸಿ, ನಮ್ಮ ಕಡೆಗೆ ತಿರುಗಿಯೂ ನೋಡದೆ, ತಾಯಿಯ ಬಳಿಗೆ ಓಡಿಹೋಗುತ್ತವೆ. ಹಾಗೆ ಓಡುವುದನ್ನು ನೋಡುತ್ತ ಕುಳಿತುಕೊಳ್ಳುವುದು ನಮಗೆ ಈಗ ಅಭ್ಯಾಸವಾಗಿದೆ.